ಇವತ್ತು ಯಾರಮ್ಮನ ಊಟ

ಬೆಳಗಿನ ಐದೂಕಾಲು. ಅಡುಗೆಮನೆಯ ನಲ್ಲಿಯ ಕೆಳಗೆ ದೊಡ್ಡ ಪಾತ್ರೆಯಿಟ್ಟುಕೊಂಡು ಅಕ್ಕ ಗಂಜಿಗೆ ಅಕ್ಕಿ ತೊಳೆಯುತ್ತಿದ್ದಾಳೆ. ಮೂರನೇ ನೀರೂ ಬೆಳ್ಳಗೇ ಬರುತ್ತಿದೆ. ಅದನ್ನು ಬಸಿದು ನಾಲ್ಕನೆಯದಕ್ಕೆ ನಲ್ಲಿ ತಿರುಗಿಸಬೇಕು, ಅಷ್ಟರಲ್ಲಿ ಹಿರಿಯ ದಾದಿ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ವಾರ್ಡಿನಿಂದ ಬಿರಬಿರನೆ ನಡೆದು ಬಂದು ಏದುಸಿರು ಹತ್ತಿದೆ.

“ಅಕ್ಕ, ಏಳನೇ ಮಂಚದ ಅಜ್ಜ ಮಾತಾಡಿದ್ರು.”

“ಏನು ಕೇಳಿದ್ರು?”

“ಸುಟ್ಟ ಆಲೂಗಡ್ಡೆ. ಎರಡು ಸಲ ಹೇಳಿದ್ರು, ಆಮೇಲೆ ಕಣ್ಣು ಮುಚ್ಚಿಕೊಂಡ್ರು.”

ಅಕ್ಕಿ ನೆನೆಯುವುದಿದ್ದರೆ ನೆನೆಯಲಿ ಎಂದು ಅಕ್ಕ ಎದ್ದೇಬಿಡುತ್ತಾಳೆ. ಸೊಂಟಕ್ಕೆ ಸಿಕ್ಕಿಸಿದ ಟವೆಲ್ಲಿಗೆ ಕೈ ಒರೆಸಿಕೊಳ್ಳುವಾಗ ಅವಳ ಕಣ್ಣು ಮೂಲೆಗೆ ಹೋಗಿ ಬರುತ್ತದೆ. ಅಲ್ಲಿ ಮಗುಚಿಟ್ಟ ಹಾಲಿನ ಕ್ರೇಟಿನ ಮೇಲೆ ಒಂಬತ್ತು ವರ್ಷದ ಮಗಳು ಕೂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ತಟ್ಟೆ ಮುಚ್ಚಿಟ್ಟಿದೆ. ಮುಚ್ಚಿದ್ದು ಮುಚ್ಚಿದಂತೆಯೇ ಇದೆ.

“ಒಂದು ತುತ್ತು ತಿನ್ನು ಪುಟ್ಟಿ. ನಾನು ಈಗ ಬಂದೆ.”

ಪುಟ್ಟಿ ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಬಾಚಣಿಗೆ ಅರ್ಧದಲ್ಲಿ ನಿಲ್ಲುತ್ತದೆ. ಆಮೇಲೆ ಬಾಯಿ ಮುಚ್ಚಿ ಮತ್ತೆ ಬಾಚಿಕೊಳ್ಳುತ್ತಾಳೆ. ಎಂಟು ದಿನದಿಂದ ಹೀಗೇ.

ಬಂದರಿನ ಹಿಂದಿನ ಓಣಿಯಲ್ಲಿರುವ ಈ ಎರಡಂತಸ್ತಿನ ಕಟ್ಟಡಕ್ಕೆ ಬರುವವರಿಗೆ ವೈದ್ಯರು ಮಾಡುವುದೇನೂ ಉಳಿದಿರುವುದಿಲ್ಲ. ನೋವು ಕಡಿಮೆ ಮಾಡುತ್ತಾರೆ, ಮೈ ಒರೆಸುತ್ತಾರೆ, ಹಾಸಿಗೆ ಬದಲಿಸುತ್ತಾರೆ. ಇಪ್ಪತ್ತೆರಡು ಮಂಚ. ಹಡಗಿನಲ್ಲಿ ದುಡಿದವರು, ಗೋದಾಮಿನಲ್ಲಿ ಮೂಟೆ ಹೊತ್ತವರು, ಯಾರದೋ ಮನೆಯ ಮಕ್ಕಳನ್ನು ಸಾಕಲೆಂದು ದೂರದಿಂದ ಬಂದು ಇಲ್ಲೇ ಮುದುಕಿಯರಾದವರು. ಹುಟ್ಟಿದ ಊರನ್ನು ಬಿಟ್ಟು ಐವತ್ತು ವರ್ಷವಾದವರೇ ಹೆಚ್ಚು. ಒಂದೇ ವಾರ್ಡಿನಲ್ಲಿ ಆರೇಳು ಭಾಷೆಯ ನರಳಾಟ ಕೇಳುತ್ತದೆ.

ಇವರೆಲ್ಲರಿಗೂ ಬೇಯಿಸಿ ಹಾಕುವವಳು ಈ ಅಕ್ಕ. ವಯಸ್ಸು ನಲವತ್ತೊಂದು. ದಾದಿಯರಿಗೆ ಅಕ್ಕ, ರೋಗಿಗಳಿಗೆ ಅಕ್ಕ, ಶವ ಒಯ್ಯಲು ಬರುವ ಗಾಡಿಯವನಿಗೂ ಅಕ್ಕ. ಇಪ್ಪತ್ತೆರಡರಲ್ಲಿ ಆರು ಜನ ಮಾತ್ರ ಅಗಿದು ತಿನ್ನಬಲ್ಲರು. ಒಂಬತ್ತು ಜನಕ್ಕೆ ಸೋಸಿದ ಗಂಜಿ. ಉಳಿದವರ ಮೂಗಿಗೆ ನಳಿಕೆ. ದಿನಕ್ಕೆ ಹದಿನೆಂಟು ಲೀಟರ್ ಗಂಜಿ ಕಾಯಿಸುತ್ತಾಳೆ, ಅದರಲ್ಲಿ ಆರೇಳು ಲೀಟರ್ ಹಾಗೇ ವಾಪಸು ಬರುತ್ತದೆ. ತಪ್ಪಲೆ ತಿಕ್ಕುವುದು ಅವಳಿಗೆ ಬೇಸರವಿಲ್ಲ. ತುಂಬಿದ ಬಟ್ಟಲು ತುಂಬಿದಂತೆಯೇ ಹಿಂದೆ ಬಂದಾಗ ಮಾತ್ರ ಅದು ಯಾವ ಮಂಚದ್ದೆಂದು ಕೇಳಿ ತಿಳಿದುಕೊಳ್ಳುತ್ತಾಳೆ.

ಹನ್ನೊಂದು ವರ್ಷದ ಹಿಂದೆ, ಅವಳು ಅಡುಗೆಗೆ ಸೇರಿದ ಹೊಸತರಲ್ಲಿ, ಒಬ್ಬ ಅಜ್ಜಿ ಹಾಲಿನಲ್ಲಿ ಬೇಯಿಸಿದ ಅನ್ನ ಬೇಕೆಂದರು. ಅಕ್ಕ ಒಂದೂವರೆ ಗಂಟೆ ಒಲೆಯ ಮುಂದೆ ನಿಂತು, ತಳ ಹತ್ತದಂತೆ ಕಲಕಿ, ಬೆಣ್ಣೆಯಂತೆ ಮಾಡಿಕೊಂಡು ಹೋದಳು. ಅಜ್ಜಿ ಒಂದು ಚಮಚ ಬಾಯಿಗಿಟ್ಟುಕೊಂಡು, “ಚೆನ್ನಾಗಿದೆ ಕಣಮ್ಮ. ಹೋಟೆಲಿನವರು ಮಾಡಿದ ಹಾಗಿದೆ,” ಎಂದು ಮುಖ ಗೋಡೆಗೆ ತಿರುಗಿಸಿದರು. ಮಾರನೇ ದಿನ ಹಾಸಿಗೆ ಖಾಲಿಯಾಗಿತ್ತು. ಆಮೇಲೆ ಬಂದ ಮಗ ಹೇಳಿದ, ಅವರ ಮನೆಯಲ್ಲಿ ಅದು ಯಾವತ್ತೂ ತಳ ಹತ್ತುತ್ತಿತ್ತಂತೆ. ಆ ಸೀದ ವಾಸನೆಯಿಲ್ಲದೆ ಅಮ್ಮನಿಗೆ ಅದು ಅನ್ನವೇ ಅಲ್ಲ ಎಂದ.

“ಅವತ್ತಿಂದ ಹೇಗೆ ಮಾಡೋದು ಅಂತ ಯಾರನ್ನೂ ಕೇಳಲ್ಲ,” ಎನ್ನುತ್ತಾಳೆ ಅಕ್ಕ. “ಹೇಗೆ ಮಾಡೋದು ಅಂತ ಅವರಿಗೂ ಗೊತ್ತಿರಲ್ಲ, ತಿಂದವರು ತಾನೆ. ನಾನು ಕೇಳೋದು ಒಂದೇ. ಮನೇಲಿ ಇದಕ್ಕೆ ಏನಂತ ಬೈತಿದ್ರಿ? ಅಷ್ಟು ಕೇಳಿದ್ರೆ ಸಾಕು, ಕಣ್ಣಲ್ಲಿ ದೀಪ ಹತ್ತುತ್ತೆ. ಹೊಗಳೋದೆಲ್ಲ ಮರೆತುಹೋಗಿರುತ್ತೆ. ಬೈದಿದ್ದು ಮರೆಯಲ್ಲ.”

ಬೈಗುಳದ ಹೆಸರಿನಲ್ಲೇ ಅವಳು ಅಡುಗೆಗಳನ್ನು ನೆನಪಿಟ್ಟಿದ್ದಾಳೆ. ಹಡಗಿನಲ್ಲಿ ದುಡಿದವರೊಬ್ಬರ ಅಮ್ಮನಿಗೆ ಕಣ್ಣು ಮಂಜಂತೆ. ಮೀನಿನ ಮೈಮೇಲಿನ ಹುರುಪೆ ಪೂರ್ತಿ ಕೆರೆಯದೆ ಸಾರು ಮಾಡುತ್ತಿದ್ದರು. ಅಕ್ಕ ಶುಚಿಮಾಡಿದ ಮೀನಿಗೆ ಮತ್ತೆ ನಾಲ್ಕು ಹುರುಪೆ ಹಾಕಿ ಕುದಿಸಿ, ಸೋಸದೆ ಕೊಟ್ಟಳು. ಅವರು ಒಂದೊಂದನ್ನೇ ನಾಲಗೆ ತುದಿಗೆ ತಂದು ಬೆರಳಲ್ಲಿ ತೆಗೆದು ನೋಡಿದರು. ಗುಡ್ಡಗಾಡಿನ ಕಡೆಯಿಂದ ಬಂದ ಅಜ್ಜಿಯೊಬ್ಬರ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಅವರ ಅಮ್ಮ ಕರಕಲಾದ ಬ್ರೆಡ್ಡನ್ನು ಚಾಕುವಿನಿಂದ ಕೆರೆದು ಮಕ್ಕಳಿಗೆ ಕೊಡುತ್ತಿದ್ದರಂತೆ. ಅಕ್ಕ ಬ್ರೆಡ್ಡನ್ನು ಕರಕಲು ಮಾಡಿಕೊಂಡು ಹೋಗಿ, ಅವರ ಕಿವಿಯ ಹತ್ತಿರ ನಿಂತು ಕರಕರ ಕೆರೆದಳು. ಹಾಸಿಗೆಯೆಲ್ಲ ಕಪ್ಪು ಪುಡಿ. ದಾದಿಯರು ಅವತ್ತು ಬೈಯಲಿಲ್ಲ.

ಎಂಟು ದಿನದ ಹಿಂದೆ ಇಲ್ಲಿ ತೀರಿಹೋದ ಶಾಲೆಯ ಮೇಷ್ಟ್ರೊಬ್ಬರದ್ದು ಎರಡುಪ್ಪಿನ ಗಂಜಿ. ಅವರ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಮಾತು ಬಿಟ್ಟು ಹನ್ನೆರಡು ವರ್ಷ. ಒಬ್ಬರು ಉಪ್ಪು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಕೇಳುವ ಹಾಗೂ ಇಲ್ಲ. ಹನ್ನೆರಡು ವರ್ಷವೂ ಇಬ್ಬರೂ ಹಾಕಿದರು.

“ನಿಮ್ಮಪ್ಪ ಏನೂ ಹೇಳ್ತಿರಲಿಲ್ವಾ ಮೇಷ್ಟ್ರೇ?” ಎಂದು ಅಕ್ಕ ಕೇಳಿದ್ದಳಂತೆ.

“ಅಪ್ಪ ನೀರು ಕುಡೀತಿದ್ರು. ಚೊಂಬುಗಟ್ಟಲೆ,” ಎಂದಿದ್ದರು ಮೇಷ್ಟ್ರು.

ಸಕ್ಕರೆಯ ಜೊತೆ ಉಪ್ಪನ್ನೂ ಬಿಡಿಸಿದ್ದ ವೈದ್ಯರು ಕೊನೆಯ ನಾಲ್ಕು ದಿನ ಆ ಗಂಜಿಯನ್ನು ಕಂಡೂ ಕಾಣದಂತೆ ನಡೆದುಹೋದರು.

ತರಕಾರಿ ಹೆಚ್ಚಲು ಬರುವ ಚಿಕ್ಕಮ್ಮನಿಗೆ ಇದೆಲ್ಲ ಹುಚ್ಚು. ಚಿಕ್ಕಮ್ಮ ಎಂದರೆ ಸಂಬಂಧದವರೇನಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ. “ಚೆನ್ನಾಗಿ ಮಾಡೋಕೆ ಬರೋರು ಕೆಡಿಸೋಕೆ ಇಷ್ಟು ಕಷ್ಟಪಡೋದು ನಾನು ಇಲ್ಲೇ ನೋಡಿದ್ದು,” ಎಂದು ಈರುಳ್ಳಿಯ ಮುಂದೆ ಕೂತು ಮೂಗು ಮುರಿಯುತ್ತಾರೆ. “ನನ್ನ ಸರದಿ ಬಂದ್ರೆ ಬೈದಿದ್ದನ್ನ ಕೇಳಬೇಡ ಕಣೇ. ನಮ್ಮತ್ತೆ ಅಡುಗೇನ ನಾನು ಬೈದಿದ್ದು ಹೇಳ್ತಾ ಕೂತರೆ ಸಾಯೋಕೂ ಪುರುಸೊತ್ತಾಗಲ್ಲ.”

ಅಕ್ಕ ನಗುತ್ತಾಳೆ. ನಿಮ್ಮ ಅಮ್ಮ ಏನು ಅಡುಗೆ ಮಾಡುತ್ತಿದ್ದರು ಎಂದು ಕೇಳಿದರೆ ಮಾತ್ರ ನಗು ನಿಲ್ಲುತ್ತದೆ. ಅವಳು ಬೆಳೆದದ್ದು ಅನಾಥಾಲಯದಲ್ಲಿ. ಊಟ ಗಾಡಿಯ ಮೇಲೆ ಡ್ರಮ್ಮಿನಲ್ಲಿ ಬರುತ್ತಿತ್ತು. “ಮಾಡೋರ ಮುಖ ನಾವು ನೋಡಿದ್ದೇ ಇಲ್ಲ. ಬೈಯೋಕೂ ಒಬ್ಬರು ಬೇಕಲ್ಲ. ನೂರಿಪ್ಪತ್ತು ಮಕ್ಕಳು ಡ್ರಮ್ಮಿಗೆ ಬೈತಿದ್ವಿ.”

ಹದಿನೆಂಟಕ್ಕೆ ಅಲ್ಲಿಂದ ಹೊರಬಂದು ಮನೆಗೆಲಸ, ಬಟ್ಟೆ ಒಗೆಯುವುದು, ನೆಲ ಒರೆಸುವುದು. ಈ ಕಟ್ಟಡಕ್ಕೂ ನೆಲ ಒರೆಸಲೆಂದೇ ಬಂದವಳು. ಹಳೆಯ ಅಡುಗೆಯವರು ಸೊಂಟ ಮುರಿದುಕೊಂಡ ದಿನ ಸೌಟು ಕೈಗೆ ಬಂತು, ಹಾಗೇ ಉಳಿಯಿತು. ಗಂಡ ಇಲ್ಲಿಯ ಬಟ್ಟೆಗಳನ್ನು ಒಗೆಯಲು ಒಯ್ಯುವ ಗಾಡಿ ಓಡಿಸುತ್ತಿದ್ದ. ಮಗಳಿಗೆ ನಾಲ್ಕು ತುಂಬಿದ ವರ್ಷ, ಒಂದು ಬೆಳಿಗ್ಗೆ ಟೀ ಕುಡಿದು ಹೋದವನು ದಾರಿಯಲ್ಲಿ ಎದೆ ಹಿಡಿದುಕೊಂಡು ಬಿದ್ದ. “ಎಲ್ಲರಿಗೂ ಕೊನೇ ತುತ್ತು ಕೊಡ್ತೀನಿ. ಅವರಿಗೆ ಏನು ಬೇಕಿತ್ತು ಅಂತ ಕೇಳೋಕೂ ಆಗಲಿಲ್ಲ.”

ಅವಳು ಒಲೆಯ ಉರಿ ತಗ್ಗಿಸುತ್ತಾಳೆ.

ಓಣಿಯ ಕೊನೆಯ ಒಂದು ಕೋಣೆ ಅವಳ ಮನೆ. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಂತು ಹೋದವಳಿಗೆ ಮತ್ತೊಂದು ಒಲೆ ಹಚ್ಚುವ ಚೈತನ್ಯ ಇರುವುದಿಲ್ಲ. ಮಂಚದವರಿಗೆಂದು ಮಾಡಿದ್ದರಲ್ಲಿ ಪಾತ್ರೆಯ ತಳದಲ್ಲಿ ಉಳಿದದ್ದೇ ಕ್ಯಾರಿಯರಿನಲ್ಲಿ ಮನೆಗೆ ಬರುತ್ತದೆ. ಮೇಲಿನವರ ಒಪ್ಪಿಗೆಯಿದೆ. ಮಗಳು ಹಲ್ಲು ಬಂದಾಗಿನಿಂದ ತಿಂದು ಬೆಳೆದದ್ದು ಅದನ್ನೇ. ಕ್ಯಾರಿಯರಿನ ಮುಚ್ಚಳ ತೆಗೆಯುತ್ತ ದಿನವೂ ಕೇಳುತ್ತಿದ್ದಳು, “ಇವತ್ತು ಯಾರಮ್ಮನ ಊಟ?” ಹಡಗಿನವರಮ್ಮಂದು, ಹೊಲಿಗೆಯವರಮ್ಮಂದು, ಐದನೇ ಮಂಚದವರ ದೊಡ್ಡಮ್ಮಂದು ಎಂದು ಅಕ್ಕ ಹೇಳುತ್ತಿದ್ದಳು. ಸೀದದ್ದು, ಉಪ್ಪಾದದ್ದು, ಹುಳಿಯಾದದ್ದು, ಯಾವುದಕ್ಕೂ ಮಗು ಮುಖ ಸಿಂಡರಿಸಿದ್ದಿಲ್ಲ.

ಮೇಷ್ಟ್ರು ಹೋದ ಸಂಜೆಯಿಂದ ಪುಟ್ಟಿ ಕ್ಯಾರಿಯರ್ ಮುಟ್ಟಿಲ್ಲ. ಶಾಲೆಯಲ್ಲಿ ಕೊಡುವ ಹಾಲು ಕುಡಿಯುತ್ತಾಳೆ, ಅಂಗಡಿಯ ಬಿಸ್ಕತ್ತು ತಿನ್ನುತ್ತಾಳೆ. ಕೈಬಳೆ ಮೊಣಕೈವರೆಗೆ ಜಾರುತ್ತಿದೆ. ಮೇಷ್ಟ್ರು ಮಂಚದ ಮೇಲಿಂದಲೇ ಅವಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು, ಅದರ ಸಂಕಟವಿರಬೇಕು, ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದಳು ಅಕ್ಕ. ಗದರಿ ನೋಡಿದಳು, ರಮಿಸಿ ನೋಡಿದಳು. ಹಿರಿಯ ದಾದಿ ಹೊಟ್ಟೆ ಒತ್ತಿ ನೋಡಿ, ಕಾಯಿಲೆ ಏನೂ ಇಲ್ಲ ಎಂದರು.

“ಸಾಯೋರ ಬಾಯಿಂದ ಹೊರಡಿಸ್ತೀನಿ, ಏನು ಬೇಕು ಅಂತ. ನನ್ನ ಹೊಟ್ಟೇಲಿ ಹುಟ್ಟಿದ್ದರ ಬಾಯಿ ಬಿಡಿಸೋಕೆ ಆಗ್ತಿಲ್ಲ,” ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ. ನಿಮಗೆ ಏನಾದರೂ ಆಸೆಯಿದೆಯೇ ಎಂದರೆ, ಮೊದಲು ದಪ್ಪ ತಳದ ಒಂದು ಪಾತ್ರೆ ಎನ್ನುತ್ತಾಳೆ. ಸೌಟು ತೊಳೆದಿಟ್ಟು, “ಪಾತ್ರೆ ಇರಲಿ. ಅವಳು ಒಂದು ತುತ್ತು ಉಂಡ್ರೆ ಸಾಕು.”

ಏಳನೇ ಮಂಚದ ಅಜ್ಜ ಬಂದರಿನಲ್ಲಿ ಕ್ರೇನು ಓಡಿಸಿದವರು. ಬಂದು ಎರಡು ದಿನವಾಯಿತು, ತುಟಿ ಎರಡು ಮಾಡಿದ್ದು ಇವತ್ತೇ. ಅಕ್ಕ ಮಂಚದ ಪಕ್ಕ ಬಗ್ಗಿ ತನ್ನ ಪ್ರಶ್ನೆ ಕೇಳುತ್ತಾಳೆ.

“ಬೈಯೋದಾ?” ಅಜ್ಜನಿಗೆ ಉಸಿರು ಸಾಲದು. ಒಂದೊಂದು ಮಾತಿಗೂ ನಿಲ್ಲುತ್ತಾರೆ. “ಅಮ್ಮ ಬೈತಿದ್ಲು. ನಮಗೆ. ಬೂದೀಲಿ ಹೂತಿಡೋಳು. ಅಣ್ಣ, ನಾನು. ಬೇಯೋ ತನಕ ತಡೀತಿರಲಿಲ್ಲ. ಕದ್ದು ತೆಗೆದು ತಿಂತಿದ್ವಿ. ನಡುವೆ ಹಸಿ. ಕಟಕ್ ಅನ್ನೋದು.”

ಹಿತ್ತಲಲ್ಲಿ ಹಳೆಯ ಬಾಣಲೆಗೆ ಇದ್ದಿಲು ಸುರಿದು ಅಕ್ಕ ಕೆಂಡ ಮಾಡುತ್ತಾಳೆ. ಕೆಂಡದ ಮೇಲೆ ಬೂದಿ, ಬೂದಿಯೊಳಗೆ ಎರಡು ಆಲೂಗಡ್ಡೆ. ಹದಿನೈದು ನಿಮಿಷಕ್ಕೆ ಇಕ್ಕಳದಿಂದ ಹೊರತೆಗೆದು ಕಡ್ಡಿ ಚುಚ್ಚಿ ನೋಡುತ್ತಾಳೆ. ಚಿಕ್ಕಮ್ಮ ಬಾಗಿಲಿಂದಲೇ, “ಇನ್ನೂ ಹಸಿ ಇದೆಯಲ್ಲೇ,” ಎನ್ನುತ್ತಾರೆ.

“ಹಸೀನೇ ಇರಬೇಕು.”

“ಹಾಗಾದ್ರೆ ಬುಟ್ಟಿಯಿಂದಾನೇ ಎತ್ತಿಕೊಟ್ಟಿದ್ರೆ ಆಗ್ತಿತ್ತು.”

ಅಜ್ಜನಿಗೆ ನುಂಗಲು ಬಿಡುವಂತಿಲ್ಲ. ಹಿರಿಯ ದಾದಿ ಪಕ್ಕದಲ್ಲೇ ನಿಂತಿದ್ದಾರೆ. ಅಕ್ಕ ಕರಿ ಸಿಪ್ಪೆ ಸುಲಿದು, ಬೆಂದ ಹೊರಮೈಯ ಜೊತೆ ನಡುವಿನ ಹಸಿ ಚೂರೊಂದನ್ನು ಅವರ ಉಳಿದಿರುವ ಹಲ್ಲಿನ ನಡುವೆ ಇಡುತ್ತಾಳೆ. ಅಜ್ಜ ನಿಧಾನಕ್ಕೆ ಕಚ್ಚುತ್ತಾರೆ. ಸದ್ದು ಸಣ್ಣದು, ಆದರೆ ಮಂಚದ ಸುತ್ತ ನಿಂತವರಿಗೆಲ್ಲ ಕೇಳುತ್ತದೆ.

“ದೊಡ್ಡದು ನಾನೇ ತಗೊಂಡೆ,” ಎನ್ನುತ್ತಾರೆ ಅಜ್ಜ. “ಅಣ್ಣ ಜಗಳ ಆಡ್ತಾನೆ.”

ಬಾಯಿಯ ಚೂರನ್ನು ದಾದಿ ಹತ್ತಿಯಿಂದ ತೆಗೆಯುವಾಗ ಪುಟ್ಟಿ ನೀರಿನ ಲೋಟ ಹಿಡಿದು ಬಂದಿದ್ದಾಳೆ. ಅಕ್ಕನ ಮಗಳು ಎಂದು ದಾದಿ ಹೇಳಿದಾಗ ಅಜ್ಜ ಅವಳತ್ತ ಕಣ್ಣು ಹೊರಳಿಸುತ್ತಾರೆ. “ಪುಣ್ಯವಂತೆ ನೀನು. ದಿನಾ ಇವರ ಕೈಯೂಟ. ಯಾವುದು ಇಷ್ಟ ನಿನಗೆ, ನಿಮ್ಮಮ್ಮ ಮಾಡೋದರಲ್ಲಿ?”

ಪುಟ್ಟಿ ಅಮ್ಮನ ಮುಖ ನೋಡುತ್ತಾಳೆ. ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ನಡೆಯುತ್ತಾಳೆ.

ಅಕ್ಕ ಅವಳ ಹಿಂದೆಯೇ ಹೋಗುತ್ತಾಳೆ. ಅಡುಗೆಮನೆಯಲ್ಲಿ ನೆನೆಯುತ್ತಿರುವ ಅಕ್ಕಿಯನ್ನು ಒಲೆಗೆ ಏರಿಸುವ ಹೊತ್ತು ಮೀರಿದೆ, ಚಿಕ್ಕಮ್ಮ ಕೂಗುತ್ತಿದ್ದಾರೆ, ಅಕ್ಕನ ಕಿವಿಗೆ ಅದು ಬೀಳುವುದಿಲ್ಲ. ಮಗಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅಕ್ಕ ಪಕ್ಕದಲ್ಲಿ ಕೂತು, ಬಿಚ್ಚಿಕೊಂಡಿದ್ದ ಜಡೆಯ ತುದಿಯನ್ನು ಹೆಣೆಯುತ್ತಾಳೆ. ಇಪ್ಪತ್ತೆರಡು ಮಂಚದವರನ್ನು ಕೇಳುವುದನ್ನೇ ಅಕ್ಕ ಇವಳನ್ನೂ ಕೇಳುತ್ತಾಳೆ.

“ನಮ್ಮನೆ ಊಟಕ್ಕೆ ಏನಂತ ಬೈತೀಯ ಪುಟ್ಟಿ? ಬೇಜಾರಿಲ್ಲ, ಹೇಳು.”

“ಏನಂತ ಬೈಯಲಿ? ಉಪ್ಪಾದ್ರೆ ಅದು ಮೇಷ್ಟ್ರ ಅಮ್ಮಂದು. ಸೀದಿದ್ರೆ ಆ ಬ್ರೆಡ್ಡಿನ ಅಜ್ಜಿಯ ಅಮ್ಮಂದು.”

ಅಕ್ಕನ ಕೈ ಜಡೆಯ ಮೇಲೆ ನಿಲ್ಲುತ್ತದೆ.

“ಎಲ್ಲರೂ ಕೊನೇಲಿ ಅವರಮ್ಮ ಮಾಡಿದ್ದೇ ಕೇಳ್ತಾರಲ್ವಾ?” ಮಗಳು ಮೊಣಕಾಲಿಗೆ ಗಲ್ಲ ಊರಿ, ನೆಲ ನೋಡುತ್ತ ಹೇಳುತ್ತಾಳೆ. “ಮೇಷ್ಟ್ರೂ ಕೇಳಿದ್ರು. ಈ ಅಜ್ಜಾನೂ ಕೇಳಿದ್ರು.”

“ಹೂಂ. ಕೇಳ್ತಾರೆ.”

ಎಂಟು ದಿನದಿಂದ ನಾಲಗೆಯ ತುದಿಗೆ ಬಂದು ಹಿಂದೆ ಹೋಗುತ್ತಿದ್ದದ್ದು ಈಗ ಹೊರಬರುತ್ತದೆ. ದನಿ ಜೋರಿಲ್ಲ. ಸಿಟ್ಟೂ ಇಲ್ಲ. ಶಾಲೆಯ ಲೆಕ್ಕವೊಂದು ಬಿಡಿಸಲು ಬರದೆ ಕೇಳುವಂತೆ ಪುಟ್ಟಿ ಅಮ್ಮನತ್ತ ತಿರುಗಿ ಕೇಳುತ್ತಾಳೆ:

“ಅಮ್ಮ, ನಾನು ಮುದುಕಿಯಾಗಿ ಆ ಮಂಚದ ಮೇಲೆ ಮಲಗಿದಾಗ ಏನನ್ನ ಕೇಳಲಿ?”