ತತ್ತ್ವಜ್ಞಾನಿಯ ಮನೆಯಲ್ಲಿ ಗಿರಿಜತ್ತೆ

ನೆಂಟರಿಗೆ ಸಿಂಗಪುರ ತೋರಿಸುವ ವಿದ್ಯೆಯಲ್ಲಿ ನಾನು ಪಾರಂಗತ. ಸಿಂಹದ ತಲೆಯ ಮೀನಿನ ಮುಂದೆ ಒಂದು ಫೋಟೊ, ಗಿಳಿಯನ್ನು ಕೈಮೇಲೆ ಕೂರಿಸಿಕೊಂಡು ಇನ್ನೊಂದು, ಲಿಟಲ್ ಇಂಡಿಯಾದ ಚಿನ್ನದಂಗಡಿಗಳಿಗೆ ಪ್ರದಕ್ಷಿಣೆ, ತಿಂಡಿ ಮಳಿಗೆಗಳ ಹಾಕರ್ ಸೆಂಟರಿನಲ್ಲಿ ಕಬ್ಬಿನ ಹಾಲಿನ ತೀರ್ಥ. ಎರಡು ದಿನಕ್ಕೆ ದ್ವೀಪ ಮುಗಿಯುತ್ತದೆ. ಮೂರನೆಯ ದಿನ ನೆಂಟರು ಟೀವಿಯ ಮುಂದೆ ಪ್ರತಿಷ್ಠಾಪಿತರಾಗುತ್ತಾರೆ, ನಾನು ನಿಶ್ಚಿಂತೆಯಿಂದ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿನ ರಿಫೈನರಿಗೆ ಹೋಗುತ್ತೇನೆ.

ಈ ಪಠ್ಯಕ್ರಮವನ್ನು ಕೆಡಿಸಿದವರು ನನ್ನ ಹೆಂಡತಿಯ ಸೋದರತ್ತೆ ಗಿರಿಜತ್ತೆ. ಬಾಗಲಕೋಟೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡದಲ್ಲೇ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಕೊನೆಯ ವರ್ಷ ಆ ವಿಷಯ ತೆಗೆದುಕೊಂಡವರು ಒಬ್ಬರೂ ಇರಲಿಲ್ಲ. ಆದರೂ ಖಾಲಿ ಕೊಠಡಿಗೆ ಹೋಗಿ, ಹಲಗೆ ಒರೆಸಿ, ಗಂಟೆ ಹೊಡೆದ ಮೇಲೆ ಎದ್ದು ಬರುತ್ತಿದ್ದರಂತೆ. ಇದನ್ನು ನಗುತ್ತಲೇ ಹೇಳಿದರು. ಆದರೆ ಎರಡು ಸಲ ಹೇಳಿದರು.

ಅತ್ತೆ ಒಂದು ಬೆಳಿಗ್ಗೆ ಪತ್ರಿಕೆಯ ಮೂಲೆಯಲ್ಲಿದ್ದ ಪುಟ್ಟ ಪ್ರಕಟಣೆಯ ಮೇಲೆ ಬೆರಳಿಟ್ಟರು. ತಾಂಜೊಂಗ್ ಪಗಾರಿನ ಹಳೆಯ ಮನೆಯೊಂದರಲ್ಲಿ, ಹದಿನೆಂಟನೆಯ ಶತಮಾನದ ಯುರೋಪಿನ ತತ್ತ್ವಜ್ಞಾನಿಯೊಬ್ಬನ ಮ್ಯೂಸಿಯಂ. ದೇವರನ್ನಾಗಲಿ ದೊರೆಯನ್ನಾಗಲಿ ಕಾರಣ ಕೇಳದೆ ಒಳಗೆ ಬಿಡದ ಆಸಾಮಿ. ಹೆಸರು ಹೇಳುವುದಿಲ್ಲ, ಹೇಳಿದರೆ ನಾನು ಅವನನ್ನು ಓದಿದ್ದೇನೆಂದು ನೀವು ಭಾವಿಸುವ ಅಪಾಯವಿದೆ.

ಭಾನುವಾರ ಹೊರಟೆವು: ಅತ್ತೆ, ನಾನು ಮತ್ತು ಹನ್ನೆರಡು ವರ್ಷದ ಮಗಳು ಅನು. ನನಗಿದ್ದ ಏಕೈಕ ನಿರೀಕ್ಷೆ ಏಸಿ. ಊರೆಲ್ಲ ಕ್ರೇನುಗಳು ಗಗನಕ್ಕೆ ಗೋಪುರ ಕಟ್ಟುತ್ತಿದ್ದ ಆ ದಿನಗಳಲ್ಲಿ, ಎರಡು ಬ್ಯಾಂಕುಗಳ ನಡುವೆ ಮೈ ಹಿಡಿಮಾಡಿಕೊಂಡು ನಿಂತಿತ್ತು ಮೂರು ಅಂತಸ್ತಿನ ಆ ಮನೆ. ಹೂಬಳ್ಳಿಯ ಹೆಂಚು, ಹಸಿರು ಕಿಟಕಿ, ಕಿರುಗುಟ್ಟುವ ಮೆಟ್ಟಿಲು. ಏಸಿ ಇರಲಿಲ್ಲ. ಇದ್ದವರು ಲಿಮ್ ಎಂಬ ವೃದ್ಧರು, ನಿವೃತ್ತ ಮೇಷ್ಟ್ರು. ಅಜ್ಜನ ಕಾಲದ ಮನೆಯನ್ನು ಮಾರದೆ, ಯೌವನದಲ್ಲಿ ಮೆಚ್ಚಿದ ತತ್ತ್ವಜ್ಞಾನಿಗೆ ಬಿಟ್ಟುಕೊಟ್ಟವರು. ಪತ್ರಗಳ ಪ್ರತಿಗಳು, ಬರೆಯುವ ಮೇಜಿನ ನಕಲು, ಕೃತಕ ಕೇಶದ ಒಂದು ಟೋಪನ್. ಪ್ರೇಕ್ಷಕರು ನಾವು ಮೂವರೇ.

ಅತ್ತೆ ಒಂದೊಂದು ಫಲಕವನ್ನೂ ತುಟಿಯಾಡಿಸಿ ಓದುತ್ತ ಹೋದವರು ಎರಡನೆಯ ಅಂತಸ್ತಿನಲ್ಲಿ ನಿಂತುಬಿಟ್ಟರು.

"ಇದು ಅವನ ಮಾತಲ್ಲ," ಎಂದರು. "ಪೂರ್ವಪಕ್ಷ. ಎದುರಾಳಿ ಮಾತು ಮೊದಲ ಹೇಳ್ಯಾನ, ಮುಂದಿನ ಪುಟದಾಗ ಅದನ್ನ ಕತ್ತರಿಸ್ತಾನ. ಇವರು ಅದನ್ನ ಅವನ ಸಿದ್ಧಾಂತ ಅಂತ ತೂಗುಹಾಕ್ಯಾರ."

"ಹೋಗ್ಲಿ ಬಿಡಿ ಅತ್ತೆ, ಯಾರು ಓದ್ತಾರೆ?"

"ನಾನು ಓದಿದೆನಲ್ಲ."

ಅಷ್ಟರಲ್ಲಿ ಲಿಮ್ ಮೇಲೆ ಬಂದರು. ಅತ್ತೆಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆಡಲು ಸಂಕೋಚ. ನನ್ನ ಕಡೆ ನೋಡಿದರು. ಪೆಟ್ರೋಲಿಯಮ್ಮಿನ ಶುದ್ಧೀಕರಣ ಬಲ್ಲ ನಾನು ಪೂರ್ವಪಕ್ಷವನ್ನು ಯಾವ ಕೊಳವೆಯಲ್ಲಿ ಹರಿಸಬೇಕೆಂದು ತಿಳಿಯದೆ, ಮನೆ ತುಂಬಾ ಚೆನ್ನಾಗಿದೆ ಎಂದೆ. ಅನು ಮುಂದೆ ಬಂದಳು.

"ಅಂಕಲ್, ದಿಸ್ ಒನ್ ನಾಟ್ ಹಿಸ್ ಐಡಿಯಾ ಲಾ. ಅದರ್ ಫೆಲೋ ಐಡಿಯಾ. ಹಿ ಪುಟ್ ಫಸ್ಟ್, ದೆನ್ ಹಿ ಸ್ಕೋಲ್ಡ್."

ಪೂರ್ವಪಕ್ಷಕ್ಕೆ ಇದಕ್ಕಿಂತ ಸಮರ್ಪಕವಾದ ಲಕ್ಷಣ ನನಗಿಂದಿಗೂ ಸಿಕ್ಕಿಲ್ಲ. ಲಿಮ್ ನಗಲಿಲ್ಲ. ಮೂರನೆಯ ಅಂತಸ್ತಿಗೆ ಹತ್ತಿದರು. ಬಹಳ ಹೊತ್ತು ಬರಲೇ ಇಲ್ಲ. ಅತ್ತೆಯ ಮುಖ ಸಣ್ಣದಾಯಿತು. "ನಂದ ತಪ್ಪಾಗಿದ್ರ?" ಎಂದರು, ಮೆಲ್ಲಗೆ. "ಮೂವತ್ತು ವರ್ಷ ಹಿಂಗ ಹೇಳೇನಿ." ಮದುವೆಯಾದ ಹದಿನೈದು ವರ್ಷಗಳಲ್ಲಿ ಅವರು ಏನು ಕಲಿಸುತ್ತಿದ್ದರೆಂದು ನಾನು ಒಮ್ಮೆಯೂ ಕೇಳಿದವನಲ್ಲ.

ಲಿಮ್ ದಪ್ಪ ಪುಸ್ತಕದೊಡನೆ ಇಳಿದುಬಂದು, ಪುಟದ ಮೇಲೆ ಬೆರಳಿಟ್ಟು ಅತ್ತೆಗೆ ತೋರಿಸಿದರು. ಇಬ್ಬರೂ ತಲೆ ಬಗ್ಗಿಸಿ ಓದಿದರು. ಲಿಮ್ ಗಟ್ಟಿಯಾಗಿ, ಅತ್ತೆ ಮನಸ್ಸಿನಲ್ಲೇ. ಮುಂದಿನ ಪುಟ ಬರುವ ಮೊದಲೇ ಅತ್ತೆ ಮಗುಚುವ ಸನ್ನೆ ಮಾಡಿದರು.

"ಈ ತಪ್ಪು ಎಂಟು ತಿಂಗಳಿಂದ ಇಲ್ಲೇ ಇದೆ. ಬಂದವರೆಲ್ಲ ನೈಸ್ ಅಂತಾರೆ, ಹೋಗ್ತಾರೆ. ನೀವೇ ಮೊದಲು ಹೇಳಿದ್ದು," ಎಂದರು ಲಿಮ್, ಅನುವಿನ ಮುಖಾಂತರ. ಫಲಕವನ್ನು ಮೊಳೆಯಿಂದ ಬಿಡಿಸಿ ಗೋಡೆಗೆ ತಿರುಗಿಸಿಟ್ಟರು. ಆಮೇಲೆ ಒಂದು ಬಿಳಿ ರಟ್ಟು ತಂದು ಅತ್ತೆಯ ಮುಂದಿಟ್ಟರು. ಅತ್ತೆ ತತ್ತ್ವಜ್ಞಾನಿಯ ನಕಲಿ ಮೇಜಿನ ಮುಂದೆ ಕುಳಿತು, ಹಲಗೆಯ ಮೇಲೆ ಬರೆಯುವಷ್ಟು ದುಂಡಗಿನ ಅಕ್ಷರಗಳಲ್ಲಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಕೆಳಗೆ ಅನು ಇಂಗ್ಲಿಷಿನಲ್ಲಿ ಬರೆದಳು. ಲಿಮ್ ಆ ರಟ್ಟನ್ನು ಖಾಲಿ ಮೊಳೆಗೆ ತೂಗುಹಾಕಿ, ಓರೆಯಾಗಿದೆಯೇ ಎಂದು ದೂರ ನಿಂತು ನೋಡಿದರು.

ವಾಪಸು ಎಂಆರ್‌ಟಿ ರೈಲಿನಲ್ಲಿ ಕುಳಿತಾಗ ನಾನು, ಕೊಂಚ ನಾಚಿಕೆಯಿಂದಲೇ, "ಅತ್ತೆ, ಆ ತತ್ತ್ವಜ್ಞಾನಿ ಹೇಳಿದ್ದಾದರೂ ಏನು?" ಎಂದೆ.

ಅತ್ತೆ ನನ್ನನ್ನು ಪರೀಕ್ಷಿಸುವಂತೆ ನೋಡಿದರು. "ನಿದ್ದೆ ಬಂದ್ರ ಹೇಳು, ನಿಲ್ಲಿಸ್ತೀನಿ," ಎಂದು ಸೆರಗು ಸರಿಮಾಡಿಕೊಂಡು ಆರಂಭಿಸಿದರು. ಎದುರಾಳಿಯ ವಾದವನ್ನು ಎಷ್ಟು ಸೊಗಸಾಗಿ ಕಟ್ಟಿದರೆಂದರೆ ನಾನು ಅದನ್ನೇ ಪೂರ್ತಿ ಒಪ್ಪಿಬಿಟ್ಟಿದ್ದೆ. ನಾವು ಇಳಿಯಬೇಕಿದ್ದ ಟ್ಯಾಂಪಿನೀಸ್ ಬಂದದ್ದೂ ಹೋದದ್ದೂ ಯಾರ ಗಮನಕ್ಕೂ ಬರಲಿಲ್ಲ. ಪಾಸಿರ್ ರಿಸ್‌ನಲ್ಲಿ ರೈಲಿನ ದಾರಿ ಕೊನೆಯಾಗಿ ಎಲ್ಲರೂ ಇಳಿದರು. ಅನು ನಮ್ಮಿಬ್ಬರನ್ನೂ ಸೀಟಿನಿಂದ ಎಬ್ಬಿಸಹೊರಟಳು.

"ತಡಿ," ಎಂದೆ. "ಇನ್ನೂ ಸಿದ್ಧಾಂತ ಬಂದಿಲ್ಲ."