ಇಂದುಧರ ಅಂಕಲ್ ಅವರ ಆಲ್ಟರ್ನೇಟರ್

ಫೋರ್ ಎಸ್ ರ್ಯಾಂಚ್ ಬಡಾವಣೆಯ ನಮ್ಮ ಬೀದಿಯ ಕಾರುಗಳೆಲ್ಲ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಎದುರುಮನೆಯ ಇಂದುಧರ ಅಂಕಲ್ ಇಸ್ತ್ರಿ ಅಂಗಿ ತೊಟ್ಟು, ಗ್ಯಾರೇಜಿನಲ್ಲಿ ತಮ್ಮ ಇಪ್ಪತ್ತೆರಡು ವರ್ಷದ ಪಿಕಪ್ ಟ್ರಕ್ಕಿನ ಬಾನೆಟ್ ಎತ್ತುತ್ತಾರೆ. ಕಾರ್ಲ್ಸ್‌ಬಾಡ್‌ನ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಫೋನುಗಳ ಚಾರ್ಜಿಂಗ್ ಸರ್ಕ್ಯೂಟ್ ರೂಪಿಸಿದವರು. ಹೋದ ಬೇಸಿಗೆಯಲ್ಲಿ ಕೆಲಸ ಹೋದಾಗಿನಿಂದ ಇದೇ ದಿನಚರಿ. ಬೆಲ್ಟ್ ಒತ್ತಿ ನೋಡುತ್ತಾರೆ, ಬ್ಯಾಟರಿಯ ಟರ್ಮಿನಲ್ಲುಗಳನ್ನು ಮಗುವಿಗೆ ಹಲ್ಲುಜ್ಜಿಸುವಂತೆ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜುತ್ತಾರೆ, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ತಲೆಯಾಡಿಸುತ್ತಾರೆ. "ಇಂಟರ್‌ವ್ಯೂ ಏನಾಯ್ತು ಅಂಕಲ್?" ಎಂದರೆ, "ಈ ಆಲ್ಟರ್ನೇಟರ್ ಬ್ಯಾಟರೀನ ಚಾರ್ಜೇ ಮಾಡ್ತಿಲ್ಲಪ್ಪ. ಫ್ರೀವೇಲಿ ಕೈ ಕೊಟ್ರೆ ಏನ್ ಗತಿ? ಮೊದ್ಲು ಇದೊಂದು ಸರಿಹೋಗ್ಲಿ" ಎನ್ನುತ್ತಾರೆ. ಅವರ ಹೆಂಡತಿ ಊರ್ಮಿಳಾ ಆಂಟಿ ಈಗೀಗ ಏನೂ ಕೇಳದೆ ತಮ್ಮ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ನಿನ್ನೆ ಎಂಜಿನ್ ಓಡುತ್ತಿದ್ದಾಗಲೇ ಅಂಕಲ್ ಮೀಟರನ್ನು ನನ್ನ ಕೈಗಿತ್ತು ಕಾಫಿ ತರಲು ಒಳಹೋದರು. ನಾನು ಹೆಡ್‌ಲೈಟ್ ಹಾಕಿ ನೋಡಿದೆ, ಎಸಿ ಹಾಕಿ ನೋಡಿದೆ; ಆರೋಗ್ಯವಂತ ಗಾಡಿ ತೋರಿಸಬೇಕಾದ ಹದಿನಾಲ್ಕು ವೋಲ್ಟಿನಿಂದ ಮೀಟರಿನ ಅಂಕಿ ಕೆಳಗಿಳಿಯಲೇ ಇಲ್ಲ. ಆಲ್ಟರ್ನೇಟರ್ ಹೊಚ್ಚಹೊಸದು, ಅದರ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಬಗ್ಗಿ ನೋಡಿದರೆ, ಪೂಜೆ ಮುಗಿದ ಕೂಡಲೇ ಗಾಡಿ ಹತ್ತಿಸಿ ಒಡೆಯಬೇಕಿದ್ದ ನಿಂಬೆಹಣ್ಣುಗಳು ನಾಲ್ಕೂ ಚಕ್ರಗಳ ಮುಂದೆ ಇಟ್ಟಲ್ಲೇ ಒಣಗಿ ಕಪ್ಪಾಗಿದ್ದವು. "ಗಾಡಿ ಸರಿಯಾಗೇ ಇದೆಯಲ್ಲ ಅಂಕಲ್," ಎಂದೆ, ಅವರು ಲೋಟ ಹಿಡಿದು ಬಂದಾಗ. ಅವರು ಕೀ ತಿರುಗಿಸಿ ಎಂಜಿನ್ ಆರಿಸಿದರು. "ಗೊತ್ತಪ್ಪ," ಎಂದರು. "ಸರಿಹೋಯ್ತು ಅಂತ ಒಪ್ಕೊಂಡ್ರೆ, ನಾಳೆ ಬೆಳಿಗ್ಗೆ ಎಲ್ಲಿಗ್ ಹೊರಡ್ಲಿ ಹೇಳು?"