ಜೇವರ್ಗಿ ಫೋಲ್ಡರಿನಲ್ಲಿ ನಿಂಬರ್ಗಾದ ಮನೆ

ಮಾಳಿಂಗಪ್ಪ ಹೆಳವ. ಮನೆಮನೆಯ ಮುಂದೆ ಕೂತು ಆ ಮನೆತನದ ವಂಶಾವಳಿ ಓದಿ, ಜೋಳವನ್ನೋ ತೊಗರಿಯನ್ನೋ ಪಡೆಯುವುದು ಹಿರಿಯರಿಂದ ಬಂದ ಕಸುಬು. ಆಳಂದ ತಾಲೂಕಿನ ಹನ್ನೊಂದು ಊರು ಅವನ ಪಾಲಿನವು. ಜೇವರ್ಗಿ ಕಡೆಯವು ದೊಡ್ಡಪ್ಪನ ಮಗ ಧರ್ಮರಾಜನ ಪಾಲಿನವು. ಒಬ್ಬರ ಹೊತ್ತಿಗೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಆದರೂ ಮಾತು ಬಿಟ್ಟಿದ್ದ ಧರ್ಮರಾಜ ಎದುರಾದರೆ ಮಾಳಿಂಗಪ್ಪ ತನ್ನ ಹೊತ್ತಿಗೆಯ ಚೀಲವನ್ನು ಆಚೆ ಹೆಗಲಿಗೆ ಬದಲಿಸಿಕೊಳ್ಳುತ್ತಿದ್ದ.

ಹೊತ್ತಿಗೆಗಳಿಗೆ ಗೆದ್ದಲು ಹತ್ತಿದ ವರ್ಷ ಅವನು ಆಳಂದದಲ್ಲಿ ಜೀನತಳ ಟೈಪಿಂಗ್ ಅಂಗಡಿಯ ಮೆಟ್ಟಿಲು ಹತ್ತಿದ. ಅವಳದು ವಿಂಡೋಸ್ ಎಕ್ಸ್‌ಪಿಯ ಹಳೆಯ ಕಂಪ್ಯೂಟರ್. ಅವಳ ಕೈಗೆ ಹೊಂದಿದ ಕನ್ನಡ ತಂತ್ರಾಂಶ ಹೊಸದರಲ್ಲಿ ನಡೆಯುತ್ತಿರಲಿಲ್ಲ. ಮೂರು ವರ್ಷ ಅವನು ಓದಿದ, ಅವಳು ಟೈಪ್ ಬಡಿದಳು. ಮನೆತನಕ್ಕೊಂದು ಫೋಲ್ಡರ್. ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಡಲೇ ಎಂದು ಅವಳು ಕೇಳಿದ್ದಳು.

"ಬ್ಯಾಡವ್ವ. ಕಿಸೆದಾಗ ಹೋಗಾದು ಯಾರ ಕಿಸೆಕ್ಕರ ಹೋಗ್ತದ."

ಒಂದು ದಿನ ಪರದೆಯ ಮೇಲೆ 'ಜೇವರ್ಗಿ' ಎಂಬ ಹೊಸ ಫೋಲ್ಡರ್ ಕಂಡಿತು. ತೆರೆದರೆ ಒಳಗೆ ತನ್ನ ಪಾಲಿನ ನಿಂಬರ್ಗಾದ ಕಲ್ಯಾಣಪ್ಪನ ಮನೆತನ. ಅದು ಧರ್ಮರಾಜನ ಕಡೆಯ ಊರಿನೊಳಗೆ ಹೇಗೆ ಬಂತೆಂದು ಮಾಳಿಂಗಪ್ಪ ಕೇಳಿದ.

"ಆ ಮನಿ ಹೆಣ್ಮಕ್ಕಳನ್ನ ಜೇವರ್ಗಿಗಿ ಕೊಟ್ಟಾರಲ್ಲ ಕಾಕಾ. ಆ ಊರಿನ ಹೆಸರಿನಾಗೂ ಸಿಗಲಿ ಅಂತ ಇಟ್ಟೀನಿ. ಎರಡು ಪ್ರತಿ ಮಾಡಿದ್ರ, ಒಂದು ಕಡಿ ಮೊಮ್ಮಗನ ಹೆಸರು ಸೇರಿಸಿ ಇನ್ನೊಂದು ಕಡಿ ಮರೀತಿತ್ತು," ಎಂದಳು ಜೀನತ. "ಅದಕ್ಕ ಒಂದು ಸಣ್ಣ ಪ್ರೋಗ್ರಾಮ್ ಹಾಕಿ ಕೊಂಡಿ ಮಾಡೀನಿ. ಮನಿ ಒಂದೇ ಅದ, ಬಾಗಿಲ ಎರಡು."

ಅವನು ತಲೆಯಾಡಿಸಿದ, ನಂಬಲಿಲ್ಲ. ಅಲ್ಲಿ ಎಣಿಸಿದ, ಮೂವತ್ತೇಳು ಫೈಲು. ಇಲ್ಲಿ ಎಣಿಸಿದ, ಮೂವತ್ತೇಳು. ಒಂದೇ ಮನೆಯಾದರೆ ಎರಡು ಕಡೆ ಸಾಮಾನು ಹೇಗೆ ತುಂಬಿರುತ್ತದೆ? ಹೋದ ಗುರುವಾರ ಧರ್ಮರಾಜ ಇದೇ ಮೆಟ್ಟಿಲು ಇಳಿದುಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ಧರ್ಮ ಯಾಕ ಬಂದಿದ್ದ?"

"ಆಧಾರ್ ಜೆರಾಕ್ಸಿಗಿ."

ಅದೆಷ್ಟು ಬೇಗ ಉತ್ತರ ಬಂತು ಎಂಬುದೇ ಅವನಿಗೆ ಚುಚ್ಚಿತು. ಜೀನತ ನಮಾಜಿಗೆಂದು ಒಳಗೆ ಹೋದಾಗ, ಅವಳೇ ಕಲಿಸಿದ್ದಂತೆ, ಜೇವರ್ಗಿಯೊಳಗಿನ ಮನೆತನವನ್ನು ಅಳಿಸಿದ. ಕಸದಬುಟ್ಟಿಯನ್ನೂ ಖಾಲಿ ಮಾಡಿದ. ಎದೆ ಹಗುರಾಯಿತು. ತನ್ನದು ಭದ್ರವಾಗಿದೆಯೇ ನೋಡೋಣವೆಂದು ನಿಂಬರ್ಗಾದ ಫೋಲ್ಡರ್ ತೆರೆದ. ಬರಿದಾಗಿತ್ತು.

ಜೀನತ ಬಂದು ನೋಡಿ ಹಣೆ ಹಿಡಿದುಕೊಂಡಳು. "ಈ ಹಳೀ ಸಿಸ್ಟಮ್ಮಿಗಿ ಬಾಗಿಲ ಯಾವುದು, ಮನಿ ಯಾವುದು ತಿಳಿಯಂಗಿಲ್ಲ ಕಾಕಾ. ಬಾಗಿಲ ಅಳಿಸಿದ್ರ ಒಳಗಿಂದೆಲ್ಲ ಹೋಗ್ತದ. ನನ್ನ ಒಂದು ಮಾತು ಕೇಳಬಾರದಿತ್ತಾ?"

ಆ ಮನೆತನದ ಹೊತ್ತಿಗೆ ಗೆದ್ದಲಿನ ಪಾಲಾಗಿ ಎರಡು ವರ್ಷವಾಗಿತ್ತು. ಮಾಳಿಂಗಪ್ಪ ಕಣ್ಣು ಮುಚ್ಚಿ ನೆನಪಿನಿಂದ ಹೇಳತೊಡಗಿದ. ಐದು ತಲೆಮಾರು ಸರಾಗವಾಗಿ ಬಂದವು. ಆರನೆಯದಕ್ಕೆ ನಾಲಿಗೆ ನಿಂತಿತು.

ಮರುದಿನ ನಿಂಬರ್ಗಾಕ್ಕೆ ಹೋಗಿ ಕಲ್ಯಾಣಪ್ಪನ ಕಟ್ಟೆಯ ಮೇಲೆ ಕೂತ.

"ಯಜಮಾನ್ರ, ನಿಮ್ಮ ಮನಿ ಆರನೇ ತಲಿಮಾರಿನ ಹಿರೇರ ಹೆಸರು ಒಮ್ಮೆ ಹೇಳ್ರಿ."

"ಅದು ನೀ ಹೇಳಾದಲ್ಲೋ ಮಾಳಿಂಗ?" ಕಲ್ಯಾಣಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ನಿಲ್ಲಿಸಿದ.

ಮೊರದಲ್ಲಿ ತೊಗರಿ ಹಿಡಿದು ಬಂದಿದ್ದ ಅವನ ಹೆಂಡತಿ ಶಿವಕಾಂತಾ ಹೊಸ್ತಿಲು ದಾಟಲಿಲ್ಲ. "ನಮ್ಮ ಹೆಳವ ಓದಿ ಹೇಳ್ತಿದ್ದ. ಈಗ ಕೇಳಿ ಬರ್ಕೊಳ್ಳಾಕತ್ತಾನ. ಯಾರಿಗಿ ಮಾರಾಕೋ ಏನೋ."

ಅವನು ಎಲ್ಲವನ್ನೂ ಹೇಳಿದ. ಜೀನತಳ ಮೇಲೆ ಹಾಕಿಬಿಡಬಹುದಿತ್ತು, ಹಾಕಲಿಲ್ಲ. ಕಲ್ಯಾಣಪ್ಪ ಎಲೆಯನ್ನು ಬಾಯಿಗಿಟ್ಟು ಅಗಿದ.

"ಜೇವರ್ಗಿಗಿ ಕೊಟ್ಟ ನಮ್ಮ ಹೆಣ್ಮಕ್ಕಳ ತವರಂತ ಧರ್ಮರಾಜನ ಹೊತ್ತಿಗ್ಯಾಗ ಹಿಂದಿನ ಹೆಸರು ಇರ್ತಾವ. ಅಂವನ್ನ ಕರಕೊಂಡು ಬಾ. ಅಂವ ಓದಲಿ, ನೀ ಬರ್ಕೋ. ಅಲ್ಲೀತನಕ ತೊಗರಿ ಒಳಗೇ ಇರಲಿ."

ಮಾಳಿಂಗಪ್ಪ ಓಣಿಯ ತಿರುವಿಗೆ ಬಂದು ಧರ್ಮರಾಜನಿಗೆ ಫೋನ್ ಹಚ್ಚಿದ.

"ಒಂಬತ್ತು ವರ್ಷಕ್ಕ ನನ್ನ ನೆನಪಾತೇನಪಾ? ಏನು ಬೇಕಾಗ್ಯದ ಹೇಳು," ಎಂದಿತು ಆ ಕಡೆಯ ದನಿ.

ಹೇಳಿದ.

"ಸೋಮವಾರ ಬರ್ತೀನಿ. ಹೊತ್ತಿಗಿ ನನ್ನ ತೊಡಿ ಮ್ಯಾಲೇ ಇರ್ತದ. ನೀ ಮಾರು ದೂರ ಕೂಡ್ಬೇಕು," ಎಂದ ಧರ್ಮರಾಜ.

"ಆಗಲಿ," ಎಂದ ಮಾಳಿಂಗಪ್ಪ.